ಟಿಕ್ ಟಿಕ್ ಎನ್ನಲಿ ಬಿಡಿ

ಅಪ್ಪ ಓಡಿಸುತ್ತಿದ್ದ ಹಳೆಯ ಫೋರ್ ಸ್ಟ್ರೋಕ್ ಮೋಟಾರ್ ಸೈಕಲ್ಲನ್ನು ಕಾಲೇಜು ಸೇರಿದ ಮಗ ಹೊರತೆಗೆಯುತ್ತಾನೆ. ಕಿಕ್ ಹೊಡೆದೊಡನೆ ಎಂಜಿನ್ನಿನ ತಲೆಯಿಂದ ‘ಟಿಕ್ ಟಿಕ್’ ಸದ್ದು. ‘ಟ್ಯಾಪೆಟ್ ಸಡಿಲವಾಗಿದೆ, ಬಿಗಿ ಮಾಡಿಸು’ ಎನ್ನುತ್ತಾರೆ ಗೆಳೆಯರು. ಬಿಗಿ ಮಾಡಿಸುತ್ತಾನೆ. ಸದ್ದು ಅಡಗುತ್ತದೆ. ಆದರೆ ಕೆಲವೇ ತಿಂಗಳಲ್ಲಿ ಗಾಡಿ ಏರು ಹತ್ತಲು ಒಲ್ಲೆ ಎನ್ನುತ್ತದೆ. ವಾಲ್ವ್ ಸುಟ್ಟಿರುತ್ತದೆ! ಹೀಗೇಕಾಯಿತು?

ಉತ್ತರ ಪ್ರೌಢಶಾಲೆಯ ಪಾಠದಲ್ಲೇ ಇದೆ. ಕಾಯಿಸಿದರೆ ಲೋಹ ಹಿಗ್ಗುತ್ತದೆ. 100 ಮಿ.ಮೀ. ಉದ್ದದ ಉಕ್ಕಿನ ಸರಳಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 0.12 ಮಿ.ಮೀ. ಉದ್ದವಾಗುತ್ತದೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಕಾಯುವುದು ಹಲವು ನೂರು ಡಿಗ್ರಿ. ಅದಕ್ಕೆ ಹಿಗ್ಗಲು ಜಾಗ ಬೇಕಲ್ಲವೆ? ರೈಲು ಹಳಿಗಳ ನಡುವೆ ಹಿಂದೆ ಸಂದು ಬಿಡುತ್ತಿದ್ದುದೂ ಇದಕ್ಕೇ. ಹೋಂಡಾದ ಹಳೆಯ ಕಬ್ ಗಾಡಿಯಲ್ಲಿ ತಣ್ಣಗಿರುವಾಗ ಈ ಸಂದು 0.05 ಮಿ.ಮೀ., ಸುಮಾರು ಒಂದು ತಲೆಗೂದಲಿನಷ್ಟು. ‘ಟಿಕ್ ಟಿಕ್’ ಎನ್ನುವುದು ಈ ಸಂದೇ. ಸದ್ದು ಜೋರಾದರೆ ಸಂದು ಹೆಚ್ಚಾಗಿದೆ ಎಂದರ್ಥ, ಸರಿಪಡಿಸಬೇಕು. ಆದರೆ ಸಂದೇ ಇಲ್ಲವಾದರೆ ವಾಲ್ವ್ ತನ್ನ ಪೀಠದ ಮೇಲೆ ಪೂರ್ತಿ ಕೂರುವುದಿಲ್ಲ. ವಾಲ್ವಿನ ಬಿಸಿ ಹರಿದುಹೋಗುವುದು ಮುಖ್ಯವಾಗಿ ಆ ಪೀಠಕ್ಕೆ. ಕೂರದ ವಾಲ್ವ್ ತಣಿಯುವುದಿಲ್ಲ. ಉರಿಯುವ ಅನಿಲ ಅದರ ಅಂಚನ್ನು ಸವರಿ ಸುಡುತ್ತದೆ. ವಾಲ್ವ್ ಬಡಿದು ಬಡಿದು ಪೀಠ ಸವೆದಂತೆ ಸಂದು ತಾನಾಗಿಯೂ ಕಿರಿದಾಗಬಹುದು, ಅದೂ ಸದ್ದಿಲ್ಲದೆ. ಆದ್ದರಿಂದ ಸದ್ದಿಗಿಂತ ಮೌನಕ್ಕೇ ಹೆಚ್ಚು ಹೆದರಬೇಕು.

ಪರೀಕ್ಷೆಗೂ ಒಂದು ಕ್ರಮವಿದೆ. ಮೊದಲು ಕ್ಯಾಮ್ ಚೈನ್. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು ಸುತ್ತುವಂತೆ ಮಾಡುವುದು ಈ ಚೈನು. ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆಯುತ್ತದೆ. ಚೈನ್ ಸಡಿಲವಾದರೆ ಕರಕರ ಸದ್ದು ಬರುತ್ತದೆ, ವಾಲ್ವ್ ತಡವಾಗಿ ತೆರೆಯುತ್ತದೆ. ಹಲವು ಹಳೆಯ ಗಾಡಿಗಳಲ್ಲಿ ಕಿಡಿಯ ಪಾಯಿಂಟ್ ಕೂಡ ಕ್ಯಾಮಿನ ತುದಿಯಲ್ಲೇ ಇರುವುದರಿಂದ ಕಿಡಿಯೂ ತಡವಾಗುತ್ತದೆ. ಚೈನ್ ಮೊದಲು ಎನ್ನುವುದು ಇದಕ್ಕೇ.

ಎರಡನೆಯದು ವಾಲ್ವಿನ ಸಂದು. ರಾತ್ರಿಯಿಡೀ ತಣಿದ ಎಂಜಿನ್ನಿನಲ್ಲಿ ಮಾತ್ರ ಇದನ್ನು ಅಳೆಯಬೇಕು. ಫ್ಲೈವೀಲಿನ ಮೇಲೆ ‘ಟಿ’ ಗುರುತಿದ್ದರೆ ಅದನ್ನು ಹೊಂದಿಸಿ. ಇಲ್ಲೊಂದು ಎಚ್ಚರ: ನಾಲ್ಕು ಹೊಡೆತಗಳಲ್ಲಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ. ಎರಡೂ ವಾಲ್ವ್ ಮುಚ್ಚಿ ಟ್ಯಾಪೆಟ್ ಸಡಿಲವಾಗಿರುವ ಸಲವೇ ಸರಿಯಾದದ್ದು. ಫೀಲರ್ ಗೇಜಿನ ಎಲೆ ತುಸು ತಡೆಯೊಡನೆ ಜಾರಿದರೆ ಅಳತೆ ಸರಿ. ಅಳತೆ ಎಲ್ಲ ಗಾಡಿಗೂ ಒಂದೇ ಅಲ್ಲ. ಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್ಟಿನಲ್ಲಿ ಕ್ಯಾಮ್ ಚೈನೇ ಇಲ್ಲ, ಕ್ಯಾಮನ್ನು ತಿರುಗಿಸುವುದು ಗೇರು. ತಣ್ಣಗಿರುವಾಗ ಅದರ ಪುಶ್ ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಆದ್ದರಿಂದ ಗಾಡಿಯ ಪುಸ್ತಕವೇ ಪ್ರಮಾಣ.

ಕೊನೆಯದು ಕಿಡಿಯ ಹೊತ್ತು. 3,000 ಸುತ್ತಿನ ವೇಗದಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಕ್ರ್ಯಾಂಕ್ 18 ಡಿಗ್ರಿ ತಿರುಗಿಬಿಡುತ್ತದೆ. ಪೆಟ್ರೋಲ್ ಉರಿಯಲು ಹೊತ್ತು ಬೇಕು; ಹಾಗಾಗಿ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ತೀರಾ ಮುಂಚೆ ಹಾರಿದರೆ ಎಂಜಿನ್ ಕಟಕಟ ಬಡಿಯುತ್ತದೆ, ಕಿಕ್ ಕಾಲಿಗೇ ತಿರುಗಿ ಹೊಡೆಯುತ್ತದೆ. ತಡವಾದರೆ ಶಕ್ತಿ ಕುಗ್ಗಿ ಎಂಜಿನ್ ಕಾಯುತ್ತದೆ. ಪಾಯಿಂಟ್ ಇರುವ ಗಾಡಿಯಲ್ಲಿ ಮೊದಲು ಪಾಯಿಂಟಿನ ಸಂದು, ಆಮೇಲೆ ಟೈಮಿಂಗ್ ನೋಡಬೇಕು. ಸಂದು ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್. ಅವುಗಳಲ್ಲಿ ಇಂಥ ವಾಲ್ವಾಗಲಿ ಕ್ಯಾಮ್ ಚೈನಾಗಲಿ ಇಲ್ಲ. ಆದರೆ ಪಾಯಿಂಟಿನ ಈ ಪಾಠ ಅವಕ್ಕೂ ಅನ್ವಯಿಸುತ್ತದೆ.

ಮಗ ಗಾಡಿಯನ್ನು ಬಿಚ್ಚುತ್ತಾನೆಂದು ಪೋಷಕರು ಗದರುವುದು ಬೇಡ. ಒಂದು ಫೀಲರ್ ಗೇಜ್ ಕೊಡಿಸಿ, ಭಾನುವಾರ ಬೆಳಿಗ್ಗೆ ಪರಿಚಯದ ಮೆಕ್ಯಾನಿಕ್ಕಿನ ಪಕ್ಕದಲ್ಲಿ ಕೂರಿಸಿ. ಮಗಳಿಗೆ ಆಸಕ್ತಿಯಿದ್ದರೆ ಅವಳನ್ನೂ ಕೂರಿಸಿ. ‘ಉಷ್ಣದಿಂದ ವ್ಯಾಕೋಚನ’ ಎಂದು ಬಾಯಿಪಾಠ ಮಾಡಿದ್ದು ಆ ತೆಳ್ಳನೆಯ ಎಲೆ ಸಂದಿನಲ್ಲಿ ಜಾರುವಾಗ ಬೆರಳಿಗೇ ತಿಳಿಯುತ್ತದೆ.