ಎಣ್ಣೆ ಬಾವಿಯ ಓದಿಗೆ ಕನ್ನಡದ ಬಾಗಿಲೆಲ್ಲಿ?

ಪೆಟ್ರೋಲಿಯಂ ಇಂಜಿನಿಯರಿಂಗ್ ಓದಿದರೆ ಲಕ್ಷಗಟ್ಟಲೆ ಸಂಬಳ, ಸಮುದ್ರದ ನಡುವೆ ನೌಕರಿ, ಗಲ್ಫ್ ವೀಸಾ! ಈ ಮಾತು ನಂಬಿ ಹೊಲ ಮಾರಲು ಹೊರಟ ದೇವದುರ್ಗದ ತಂದೆಗೂ, ಸೀಟಿಗಾಗಿ ರಾಯಚೂರು, ಹೈದರಾಬಾದ್ ಕೋಚಿಂಗ್ ಸೆಂಟರುಗಳಿಗೆ ಅಲೆಯುವ ಮಾನ್ವಿಯ ಮಕ್ಕಳಿಗೂ ಕೆಲವು ಮಾತನ್ನು ನೇರವಾಗಿ ಹೇಳಲೇಬೇಕು.

ಪೆಟ್ರೋಲಿಯಂ ಎಂದೊಡನೆ ನಮ್ಮವರಿಗೆ ನೆನಪಾಗುವುದು ಮಂಗಳೂರಿನ ಎಂಆರ್‌ಪಿಎಲ್. ಅಲ್ಲಿ ನಡೆಯುವುದು ಕಚ್ಚಾ ತೈಲದ ಶುದ್ಧೀಕರಣ. ಅದು ಹೆಚ್ಚಾಗಿ ಕೆಮಿಕಲ್, ಮೆಕ್ಯಾನಿಕಲ್ ಇಂಜಿನಿಯರುಗಳ ಕೆಲಸ. ಪೆಟ್ರೋಲಿಯಂ ಇಂಜಿನಿಯರನ ಕೆಲಸ ಬಾವಿಯದು: ಕೊರೆಯುವುದು, ಬಂಡೆಯೊಳಗೆ ಎಷ್ಟು ಎಣ್ಣೆಯಿದೆಯೆಂದು ಲೆಕ್ಕ ಹಾಕುವುದು, ಮೇಲೆತ್ತುವುದು. ಕರ್ನಾಟಕದಲ್ಲಿ ಎಣ್ಣೆ ತೆಗೆಯುವ ಬಾವಿಗಳೇ ಇಲ್ಲ! ರಾಯಚೂರಿನ ನೆಲ ಪುರಾತನ ಗಟ್ಟಿ ಬಂಡೆಯದು. ಹಟ್ಟಿಯಲ್ಲಿ ಚಿನ್ನ ಕೊಟ್ಟೀತು, ಎಣ್ಣೆ ಕೊಡದು. ಎಣ್ಣೆ ಸಿಗುವುದು ಹೂಳು ಪದರ ಪದರವಾಗಿ ಕೂತ ಕಡೆ. ದೇವದುರ್ಗದ ಕೃಷ್ಣೆ, ಮಾನ್ವಿ ಕಡೆಯ ತುಂಗಭದ್ರೆ ಒಂದಾಗಿ ಸಮುದ್ರ ಸೇರುವ ಆಂಧ್ರದ ಕರಾವಳಿಯಲ್ಲಿ, ಕೃಷ್ಣಾ-ಗೋದಾವರಿ ಮುಖಜಭೂಮಿಯಲ್ಲಿ, ಬಾವಿಗಳಿವೆ. ಅಂದರೆ ಈ ಡಿಗ್ರಿ ಪಡೆದವರು ಊರು ಬಿಡಲೇಬೇಕು. ಬಿಡಲಿ, ತಪ್ಪೇನಿಲ್ಲ. ಆದರೆ ಒಳಗೆ ಹೋಗುವ ಬಾಗಿಲು ಯಾರ ಭಾಷೆಯಲ್ಲಿದೆ?

ಈ ಓದಿಗೆ ದೇಶದಲ್ಲೇ ಹೆಸರಾದದ್ದು ಧನ್‌ಬಾದ್. 1926ರಲ್ಲಿ ಗಣಿ ಶಾಲೆಯಾಗಿ ಹುಟ್ಟಿದ ಸಂಸ್ಥೆ, 1957ರಲ್ಲಿ ಪೆಟ್ರೋಲಿಯಂ ಇಂಜಿನಿಯರಿಂಗ್ ಶುರುಮಾಡಿತು, 2016ರಲ್ಲಿ ಐಐಟಿ ಆಯಿತು. ಅಲ್ಲಿಗೆ ಎರಡು ಮೆಟ್ಟಿಲು. ಮೊದಲನೆಯ ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಇದೆ. ಎರಡನೆಯ ಜೆಇಇ ಅಡ್ವಾನ್ಸ್‌ಡ್ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಿಂದಿ ಮಗುವಿಗೆ ಕೊನೆಯ ಮೆಟ್ಟಿಲವರೆಗೂ ತಾಯಿನುಡಿ, ಕನ್ನಡದ ಮಗುವಿಗೆ ಅರ್ಧ ದಾರಿಗೇ ಬಾಯಿಗೆ ಬೀಗ! ಇದ್ಯಾವ ಸೀಮೆಯ ನ್ಯಾಯ ಸ್ವಾಮಿ?

371ಜೆ ಇದೆಯಲ್ಲ ಎನ್ನಬೇಡಿ. 2013ರಲ್ಲಿ ಜಾರಿಯಾದ ಆ ಹಕ್ಕು ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು, ರಾಜ್ಯದ ಉಳಿದೆಡೆ ಶೇ. 8 ಸೀಟು ಕೊಡಿಸುತ್ತದೆ. ಐಐಟಿಯ ಬಾಗಿಲಲ್ಲಿ ಅದು ನಡೆಯುವುದಿಲ್ಲ. ಓಎನ್‌ಜಿಸಿಯಂಥ ಕೇಂದ್ರದ ಕಂಪನಿಯ ನೌಕರಿಗೂ ಇಲ್ಲ. 2002ರ ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದ ತಾಲೂಕೆಂದು ಗುರುತಿಸಿದ ದೇವದುರ್ಗದ ಹುಡುಗ ಅಲ್ಲಿ ಬರಿಗೈಯಲ್ಲೇ ನಿಲ್ಲಬೇಕು.

ಹಾಗೆಂದು ಸಿಕ್ಕ ಖಾಸಗಿ ಸೀಟಿಗೆ ಹೊಲ ಮಾರಬೇಕೆ? ಬೇಡ. ಈ ನೌಕರಿ ಎಣ್ಣೆಯ ಬೆಲೆಯೊಂದಿಗೆ ಏರಿಳಿಯುತ್ತದೆ. 2014ರ ಮಧ್ಯದಲ್ಲಿ ಬ್ಯಾರೆಲ್ಲಿಗೆ 100 ಡಾಲರ್ ಮೀರಿದ್ದ ಬೆಲೆ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು. ಜಗತ್ತಿನಾದ್ಯಂತ ರಿಗ್ಗುಗಳು ನಿಂತವು, ಸಾವಿರಾರು ಜನ ಮನೆಗೆ ಹೋದರು. ಒಂದೇ ಉದ್ಯಮಕ್ಕೆ ಕಟ್ಟಿಹಾಕುವ ಡಿಗ್ರಿ ಹಿಡಿದವನು ಆಗ ಎಲ್ಲಿಗೆ ಹೋಗಬೇಕು?

ದಾರಿ ಇನ್ನೊಂದಿದೆ ಗೆಳೆಯರೇ. ಓಎನ್‌ಜಿಸಿ ತನ್ನ ಕೊರೆಯುವ ವಿಭಾಗಕ್ಕೆ ಮೆಕ್ಯಾನಿಕಲ್ ಓದಿದವರನ್ನು ತೆಗೆದುಕೊಳ್ಳುತ್ತ ಬಂದಿದೆ. ಉತ್ಪಾದನಾ ವಿಭಾಗದಲ್ಲೂ ಪೆಟ್ರೋಲಿಯಂ ಜೊತೆಗೆ ಮೆಕ್ಯಾನಿಕಲ್, ಕೆಮಿಕಲ್‌ನವರಿಗೆ ಜಾಗವಿದೆ. 371ಜೆ ಸೀಟಿನಲ್ಲಿ ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ಮೆಕ್ಯಾನಿಕಲ್ ಮುಗಿಸಿ, ಗೇಟ್ ಬರೆದು, ಎಣ್ಣೆಯ ಹುಚ್ಚು ಆಗಲೂ ಉಳಿದಿದ್ದರೆ ಧನ್‌ಬಾದಿನಲ್ಲಿ ಪೆಟ್ರೋಲಿಯಂ ಎಂ.ಟೆಕ್. ಮಾಡಬಹುದು. ಬೆಲೆ ಬಿದ್ದರೂ ಕೈಯಲ್ಲೊಂದು ಕಸುಬಿರುತ್ತದೆ, ಹೊಲವೂ ಉಳಿಯುತ್ತದೆ. ಅಡ್ವಾನ್ಸ್‌ಡ್ ಗೆಲ್ಲುವ ತಾಕತ್ತಿದ್ದವರು ನೇರ ಧನ್‌ಬಾದಿಗೇ ಹೋಗಲಿ, ಬೆನ್ನು ತಟ್ಟೋಣ.

ಆದರೆ ಜಾಣತನದ ದಾರಿ ಹಿಡಿದ ಮಾತ್ರಕ್ಕೆ ಹಕ್ಕಿನ ಮಾತು ಬಿಡಬೇಕಾಗಿಲ್ಲ. ಎಂಆರ್‌ಪಿಎಲ್ ನೇಮಕಾತಿಯಲ್ಲಿ ಕನ್ನಡಿಗರಿಗೆ ಸಿಕ್ಕ ಪಾಲು ತೀರ ಕಡಿಮೆಯೆಂದು 2021ರಲ್ಲಿ ಕರಾವಳಿಯವರು ದನಿಯೆತ್ತಿದರು. ಅದು ಕರಾವಳಿಯ ಜಗಳವೆಂದು ರಾಯಚೂರು ಸುಮ್ಮನಿರಬಾರದು. ಜೆಇಇ ಅಡ್ವಾನ್ಸ್‌ಡ್ ಕನ್ನಡದಲ್ಲಿ ಬರಬೇಕು. ಇಂಗ್ಲಿಷಿನಲ್ಲೇ ನಡೆಯುವ ಗೇಟ್ ಕನ್ನಡದಲ್ಲೂ ಆಗಬೇಕು. ಕನ್ನಡ ನೆಲದ ಕೇಂದ್ರೋದ್ಯಮಗಳಲ್ಲಿ ಕನ್ನಡಿಗರಿಗೆ ಪಾಲು ಬೇಕು. ನಮ್ಮ ಸಂಸದರು ದೆಹಲಿಯಲ್ಲಿ ಇದನ್ನು ಎಷ್ಟು ಸಲ ಕೇಳಿದ್ದಾರೆ? ಮುಂದಿನ ಸಲ ಮತ ಕೇಳಲು ಬಂದಾಗ ನೀವೇ ಕೇಳಿ!