ನಿಘಂಟಿನಲ್ಲಿ ಇಲ್ಲದ ಮಾತು



ಸಂಘದ ಸಭೆಯಲ್ಲಿ ಮನೆಯ ಸಂಕಟ ಹೇಳಲು ಎದ್ದವರು ಮೊದಲು ಆಡುವ ಮಾತು, "ನಂಗೆ ಸರಿಯಾಗಿ ಮಾತಾಡಕ್ಕೆ ಬರಲ್ಲ ಕಣಕ್ಕ" ಎಂದು. ಆಮೇಲೆ ಅರ್ಧ ಗಂಟೆ ಎಲ್ಲರಿಗೂ ಅರ್ಥವಾಗುವಂತೆ ಮಾತಾಡುತ್ತಾರೆ! ಹಾಗಾದರೆ ಈ ಸರಿಯಾದ ಮಾತು ಎಂಬುದು ಎಲ್ಲಿದೆ? ಪುಸ್ತಕದಲ್ಲಿದೆ, ನಿಘಂಟಿನಲ್ಲಿದೆ ಎಂದು ಶಾಲೆಯಿಂದಲೂ ಕೇಳಿದ್ದೇವೆ. ಅಲ್ಲಿ ಇಲ್ಲದ ಪದ ಪದವೇ ಅಲ್ಲ ಎಂಬ ಅಂಜಿಕೆ ನಮ್ಮೊಳಗೆ ಕೂತುಬಿಟ್ಟಿದೆ.

ನಿಘಂಟು ಹೇಗೆ ತಯಾರಾಗುತ್ತದೆ ನೋಡೋಣ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳ ಆ ಕೋಶಕ್ಕೆ ಅವರು ಕಾವ್ಯಗಳ ಜೊತೆಗೆ ಜನರ ಬಾಯಲ್ಲಿದ್ದ ಗಾದೆಗಳನ್ನೂ ಬಳಸಿಕೊಂಡರು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟ. ಮೊದಲನೆಯದು 1970ರಲ್ಲಿ, ಕೊನೆಯದು 1995ರಲ್ಲಿ ಬಂತು. ಶಾಸನಗಳಿಂದ, ಕಾವ್ಯಗಳಿಂದ ಪದ ಆರಿಸಿ ಮಾಡಿದ ದೊಡ್ಡ ಕೆಲಸ ಅದು. ಆದರೆ ಶಾಸನ ಬರೆಸಿದವರು, ಕಾವ್ಯ ಬರೆದವರು ಹೆಚ್ಚಿನಂಶ ಗಂಡಸರೇ. ಒಲೆಯ ಮುಂದೆ, ನಲ್ಲಿಯ ಹತ್ತಿರ, ಬಾಣಂತಿ ಕೋಣೆಯಲ್ಲಿ ಹೆಂಗಸರು ಆಡಿದ ಮಾತು ಬರಹಕ್ಕೆ ಬಂದದ್ದು ಕಡಿಮೆ. ಬರಹಕ್ಕೇ ಬಾರದ್ದು ನಿಘಂಟಿಗೆ ಹೇಗೆ ಬಂದೀತು? ನಿಘಂಟುಕಾರರಾದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ "ಇಗೋ ಕನ್ನಡ" ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟರು. ಜನ ಮೊದಲು ಆಡುತ್ತಾರೆ, ನಿಘಂಟು ಹಿಂದಿನಿಂದ ಬರುತ್ತದೆ. "ಸ್ವಸಹಾಯ ಸಂಘ" ಎಂಬುದನ್ನು ಕಿಟೆಲ್ ಕೋಶದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಷ್ಟಕ್ಕೇ ನಮ್ಮ ಉಳಿತಾಯದ ಪುಸ್ತಕ ಸುಳ್ಳಾಯಿತೇ?

"ಟಾರ್ಚರ್" ಎಂಬ ಪದವನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನ ಒಂದಕ್ಷರ ಬಾರದವರೂ "ಟಾರ್ಚರ್ ಕೊಡ್ತಾರೆ" ಎನ್ನುತ್ತಾರೆ. ಊಟದ ತಟ್ಟೆ ತಳ್ಳುವುದು, ತವರಿಗೆ ಫೋನ್ ಮಾಡಲು ಬಿಡದಿರುವುದು, ತಂದ ಒಡವೆ ಸಾಲದೆಂದು ಎತ್ತಿ ಆಡುವುದು, ನಡುರಾತ್ರಿಯವರೆಗೂ ಹಂಗಿಸುವುದು, ಇಷ್ಟೂ ಆ ಒಂದು ಪದದಲ್ಲಿದೆ. "ಅಡ್ಜಸ್ಟ್ ಮಾಡ್ಕೊ" ಎಂಬುದಂತೂ ಅಚ್ಚ ಕನ್ನಡವೇ ಆಗಿಹೋಗಿದೆ. ಹೊಂದಿಕೊಳ್ಳುವುದು ಎಂದು ಇಂಗ್ಲಿಷ್ ಬಲ್ಲವರು ಅರ್ಥ ಹೇಳುತ್ತಾರೆ. ನಮ್ಮ ಬೀದಿಯಲ್ಲಿ ಅದರ ಅರ್ಥ, ಹೊಡೆಸಿಕೊಂಡರೂ ಸುಮ್ಮನಿರು ಎಂದು. ಈ ಮಾತನ್ನು ಯಾರಾದರೂ ಅಳಿಯನಿಗೆ ಹೇಳಿದ್ದನ್ನು ಕೇಳಿದ್ದೀರಾ? ಇತ್ತ ನಮ್ಮನ್ನು ಹಳಿಯುವ ಬಂಜೆ, ಗೊಡ್ಡು, ಮುಂಡೆ ಇವೆಲ್ಲ ನಿಘಂಟಿನಲ್ಲಿ ಭದ್ರವಾಗಿವೆ.

ಕಾನೂನಿನ ಪುಸ್ತಕವೂ ಒಂದು ಬಗೆಯ ನಿಘಂಟೇ. 1986ಕ್ಕೆ ಮುಂಚೆ ಭಾರತ ದಂಡ ಸಂಹಿತೆಯಲ್ಲಿ "ವರದಕ್ಷಿಣೆ ಸಾವು" ಎಂಬ ಅಪರಾಧವೇ ಇರಲಿಲ್ಲ. ಸ್ಟೌ ಸಿಡಿದು ಸತ್ತಳು, ಹೊಟ್ಟೆನೋವು ತಾಳದೆ ಬಾವಿಗೆ ಬಿದ್ದಳು ಎಂದು ಬರೆದು ಕಡತ ಮುಚ್ಚಿದ ಪ್ರಕರಣಗಳು ಎಷ್ಟೋ. 1970ರ ದಶಕದ ಕೊನೆಯಿಂದ ದೆಹಲಿಯಲ್ಲಿ, ಬೆಂಗಳೂರಿನಲ್ಲಿ, ಬೇರೆ ಊರುಗಳಲ್ಲಿ ಹೆಂಗಸರು ಬೀದಿಗಿಳಿದು ಇದು ಅಪಘಾತವಲ್ಲ, ಕೊಲೆ ಎಂದು ಕೂಗಿದರು. 1983ರಲ್ಲಿ 498ಎ, 1986ರಲ್ಲಿ 304ಬಿ ಕಲಮುಗಳು ಬಂದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವಕ್ಕೆ 85 ಮತ್ತು 80ನೇ ಕಲಮುಗಳನ್ನು ನೋಡಬೇಕು. ಹೆಸರು ಸಿಕ್ಕಿದ್ದು 1986ರಲ್ಲಿ. ಅದಕ್ಕೆ ಮುಂಚೆ ಬೆಂದುಹೋದವರ ಸಾವು ನಿಜವಾಗಿರಲಿಲ್ಲವೇ?

ಗಂಡಿನ ಕಡೆಯವರು ಪದಗಳ ವಿಷಯದಲ್ಲಿ ಬಲು ಜಾಣರು. "ವರದಕ್ಷಿಣೆ ಬೇಡಪ್ಪ, ವರೋಪಚಾರ ಮಾಡಿ, ಛತ್ರದ ಖರ್ಚು ನೋಡಿಕೊಳ್ಳಿ" ಎನ್ನುತ್ತಾರೆ. 1961ರ ವರದಕ್ಷಿಣೆ ನಿಷೇಧ ಕಾಯಿದೆ ನೋಡುವುದು ಮದುವೆಯ ಸಂಬಂಧವಾಗಿ ಕೊಟ್ಟ, ಕೊಡಲು ಒಪ್ಪಿದ ಸ್ವತ್ತನ್ನು. ಅದಕ್ಕೆ ಇಟ್ಟ ಹೆಸರನ್ನಲ್ಲ.

ಆದ್ದರಿಂದ ದೂರು ಬರೆಸುವಾಗ ಎಚ್ಚರ ಇರಲಿ. "ಬಿಸಿ ಸಾರು ಎರಚಿದ, ಜುಟ್ಟು ಹಿಡಿದು ಹಟ್ಟಿಯಿಂದ ಆಚೆಗೆ ಎಳೆದ" ಎಂದು ಹೇಳಿದ್ದು ಕಾಗದದ ಮೇಲೆ "ಕೌಟುಂಬಿಕ ಕಲಹ" ಆಗಿಬಿಡುತ್ತದೆ. ಕಲಹ ಎಂದರೆ ಇಬ್ಬರೂ ಸೇರಿ ಮಾಡಿದ್ದು! ಬಾಯಲ್ಲಿ ಹೇಳಿದ ದೂರನ್ನು ಪೊಲೀಸರು ಬರೆದುಕೊಂಡು ಹೇಳಿದವರಿಗೆ ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಓದಿದಾಗ ನಿಮ್ಮ ಮಾತು ಅಲ್ಲಿ ಇಲ್ಲದಿದ್ದರೆ ಸಹಿ ಹಾಕುವ ಮೊದಲು, ನಾನು ಹೇಳಿದ ಹಾಗೇ ಬರೆಯಿರಿ ಎಂದು ಕೇಳಿ.

ಬೈಗುಳಕ್ಕೂ ಲೆಕ್ಕವಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 3ನೇ ಕಲಮಿನ ಪ್ರಕಾರ ಅವಮಾನ ಮಾಡುವುದು, ಹೀನಾಯವಾದ ಹೆಸರಿಟ್ಟು ಕರೆಯುವುದು, ಅದರಲ್ಲೂ ಮಗು ಆಗಲಿಲ್ಲ, ಗಂಡು ಹೆರಲಿಲ್ಲ ಎಂದು ಹಂಗಿಸುವುದು ಕೂಡ ಹಿಂಸೆಯೇ. ಯಾವ ದಿನ, ಯಾರ ಎದುರು, ಯಾವ ಪದದಿಂದ ಬೈದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಡಿ. ಬರೆಯಲು ಬಾರದವರು ಸಂಘದಲ್ಲಿ ಓದುಬರಹ ಬಲ್ಲ ಹುಡುಗಿಯ ಕೈಲಿ ಬರೆಸಿ. ಭಾಷೆ ತಿದ್ದಲು ಹೋಗಬೇಡ ಎಂದು ಅವಳಿಗೆ ಮೊದಲೇ ಹೇಳಿ.