ಹೆಸರು ಒಂದೇ, ಲೆಕ್ಕ ಬೇರೆ

‘ಅಜ್ಜಾರ, ಮೆಥಡ್ ಹೆಸರು ಒಂದ ಇದ್ದು ಕೆಲಸ ಬ್ಯಾರೆ ಬ್ಯಾರೆ ಹೆಂಗ ಆಗ್ತೈತ್ರಿ?’ ನಮ್ಮ ಕುರ್ತಕೋಟಿಯ ಶಾಲೆಯ ಹುಡುಗಿಯೊಬ್ಬಳ ಪ್ರಶ್ನೆಯಿದು. ಕಂಪ್ಯೂಟರ್ ಪಾಠವಾದರೂ ಉದಾಹರಣೆ ಬ್ಯಾಂಕಿನಲ್ಲೇ ಇದೆ.

ಮಕ್ಕಳೇ, ಪ್ರೋಗ್ರಾಂನಲ್ಲಿ ‘ಖಾತೆ’ ಎಂಬ ಕ್ಲಾಸ್ ತಾಯಿ ಎನ್ನಿ. ಉಳಿತಾಯ ಖಾತೆ, ಚಾಲ್ತಿ ಖಾತೆ, ಮುದ್ದತಿ ಠೇವಣಿ ಅವಳ ಮಕ್ಕಳು. ತಾಯಿಯ ‘ಬಡ್ಡಿ ಲೆಕ್ಕ ಹಾಕು’ ಎಂಬ ಮೆಥಡನ್ನು ಪ್ರತಿ ಮಗುವೂ ಅದೇ ಹೆಸರಿನಲ್ಲಿ ತನ್ನ ರೀತಿ ಬರೆದುಕೊಂಡರೆ ಅದು ಓವರ್‌ರೈಡಿಂಗ್. ಕರೆಯುವವರು ‘ನೀನು ಯಾವ ಖಾತೆ?’ ಎಂದು ಕೇಳಬೇಕಿಲ್ಲ. ‘ಬಡ್ಡಿ ಲೆಕ್ಕ ಹಾಕು’ ಎಂದರೆ ಸಾಕು. ಉಳಿತಾಯ ಖಾತೆ ತನ್ನ ಲೆಕ್ಕ ಕೊಡುತ್ತದೆ, ಠೇವಣಿ ತನ್ನದು, ಚಾಲ್ತಿ ಖಾತೆ ಸೊನ್ನೆ ಎನ್ನುತ್ತದೆ. ಇದೇ ಪಾಲಿಮಾರ್ಫಿಸಂ, ಅಂದರೆ ಬಹುರೂಪತೆ.

ಇದರಿಂದೇನು ಲಾಭ? ಹಿರಿಯರಿಗೆ ನೆನಪಿರಬಹುದು: ಹಿಂದೆ ಉಳಿತಾಯ ಖಾತೆಯಲ್ಲಿ ತಿಂಗಳ 10ರಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿಗಷ್ಟೇ ಬಡ್ಡಿ. ಹತ್ತಿ ಮಾರಿದ 10,000 ರೂಪಾಯಿಯನ್ನು 11ರಂದು ಖಾಲಿ ಖಾತೆಗೆ ಕಟ್ಟಿದ ರೈತನಿಗೆ ಆ ತಿಂಗಳು ಏನೂ ಇಲ್ಲ. 2010ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿದಿನದ ಶಿಲ್ಕಿಗೂ ಬಡ್ಡಿ ಬಂತು. ಆಗಿನ ಶೇ. 3.5 ದರದಲ್ಲಿ ಅದೇ ಹಣಕ್ಕೆ 20 ದಿನಕ್ಕೆ 19 ರೂಪಾಯಿ 18 ಪೈಸೆ!

ಮೇಲಿನಂತೆ ಬರೆದ ಪ್ರೋಗ್ರಾಂ ಆದರೆ ಉಳಿತಾಯ ಖಾತೆಯ ಮೆಥಡ್ ಒಂದನ್ನೇ ತಿದ್ದಿದರಾಯಿತು. ಠೇವಣಿಯನ್ನಾಗಲಿ, ಕರೆಯುವ ಸಾಲನ್ನಾಗಲಿ ಮುಟ್ಟಬೇಕಿಲ್ಲ. ಮುಟ್ಟದ ಲೆಕ್ಕ ಕೆಡುವುದಿಲ್ಲ.

ಈ ವಾರದ ಕೆಲಸ: ಆವರ್ತ ಠೇವಣಿ ಎಂಬ ನಾಲ್ಕನೆಯ ಮಗುವನ್ನು ಸೇರಿಸಿ. ಹಳೆಯ ಸಾಲು ಎಷ್ಟು ತಿದ್ದಬೇಕಾಯಿತೆಂದು ಮನೆಯ ಅಜ್ಜನಿಗೋ ಅಜ್ಜಿಗೋ ಹೇಳಿ.